ಕೂಸು ಹಿಡಿಯೋರು ಯಾರು?

ಸುಣ್ಣದ ಗೆರೆಯ ಆಚೆ ಅವಳು ನಿಂತಿರುತ್ತಿದ್ದಳು. ಸೊಂಟದ ಮೇಲೆ ತಮ್ಮ. ಅವನಿಗೆ ಇನ್ನೂ ವರ್ಷ ತುಂಬಿರಲಿಲ್ಲ, ಇವಳಿಗೆ ಹನ್ನೆರಡು. ಕೂಸನ್ನು ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಬದಲಿಸಿಕೊಳ್ಳುತ್ತಾ ಆಟ ಮುಗಿಯುವ ತನಕ ನೋಡುತ್ತಿದ್ದಳು. "ಬಾ, ಆಡು" ಅಂದರೆ ತಲೆ ಅಲ್ಲಾಡಿಸುತ್ತಿದ್ದಳು. ಮಾತಿಲ್ಲ.

ಅದು ಸರ್ಜಾಪುರ ರಸ್ತೆಯ ಒಳಗೆ ಒಂದು ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದ ಜಾಗ. ಹಿಂಬದಿಯಲ್ಲಿ ಎರಡು ಸಾಲು ತಗಡಿನ ಶೆಡ್. ಯಾದಗಿರಿ, ಸುರಪುರ, ಲಿಂಗಸೂಗೂರು ಕಡೆಯವರು ಸಂಸಾರ ಸಮೇತ ಬಂದಿದ್ದರು. 2024ರ ಮಳೆಗಾಲ ಮುಗಿದ ಮೇಲೆ ನಾನು ಭಾನುವಾರಗಳಂದು ಅಲ್ಲಿಗೆ ಹೋಗಲು ಶುರು ಮಾಡಿದೆ. ಮೈಸೂರು ಕಡೆಯ ಹಳ್ಳಿಯಲ್ಲಿ ಬೆಳೆದವಳು ನಾನು. ಶಾಲೆ, ಕಾಲೇಜು ಎರಡರಲ್ಲೂ ಖೋ ಖೋ ಆಡಿದ್ದೆ. ಆ ಮಕ್ಕಳಿಗೆ ಕಲಿಸಲು ನನ್ನ ಹತ್ತಿರ ಇದ್ದದ್ದು ಅದೊಂದೇ. ಮಕ್ಕಳು ನನ್ನನ್ನು "ಅಕ್ಕೋರ" ಅಂತ ಕರೆದರು. ಅವರ ಕಡೆ ಟೀಚರಮ್ಮನಿಗೆ ಹಾಗೇ ಅನ್ನುವುದು. ಕೇಳಿ ಖುಷಿಯಾಯಿತು.

ಹೋಗುವಾಗ ಒಂದು ದೊಡ್ಡ ಚಾರ್ಟ್ ಕೂಡ ಒಯ್ದಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹತ್ತು ಜೀವನ ಕೌಶಲಗಳನ್ನು ಪಟ್ಟಿ ಮಾಡಿತ್ತಲ್ಲ, ಅದು. ನಿರ್ಧಾರ ಮಾಡುವುದು, ಸಮಸ್ಯೆ ಬಿಡಿಸುವುದು, ಬೇರೆಯವರ ನೋವು ಅರಿಯುವುದು, ಸಿಟ್ಟು ಸಂಕಟ ನಿಭಾಯಿಸುವುದು, ಹೀಗೆ. ಆಟದ ಮೂಲಕ ಇದನ್ನು ಕಲಿಸುವ ಕೆಲಸ ನಮ್ಮಲ್ಲಿ ಹೊಸದಲ್ಲ. ಮುಂಬೈಯ ಮ್ಯಾಜಿಕ್ ಬಸ್, ಬೆಂಗಳೂರಿನ ಡ್ರೀಮ್ ಎ ಡ್ರೀಮ್ ಎರಡೂ ಸಂಸ್ಥೆಗಳು 1999ರಲ್ಲೇ ಶುರುವಾದವು. ನಾನು ಅರ್ಧ ಗಂಟೆ ಆಟ, ಅರ್ಧ ಗಂಟೆ ಚಾರ್ಟ್ ಅಂತ ಇಟ್ಟುಕೊಂಡೆ. ಚಾರ್ಟ್ ಬಿಚ್ಚುತ್ತಿದ್ದ ಹಾಗೆ ಒಬ್ಬನಿಗೆ ನೀರು ತರಬೇಕು, ಇನ್ನೊಬ್ಬಳಿಗೆ ಅವ್ವ ಕರೀತಾಳೆ. ಮೂರು ವಾರ ನೋಡಿ ಅದನ್ನು ಮಡಚಿ ಮನೆಯಲ್ಲಿಟ್ಟೆ. ಪಟ್ಟಿ ತಪ್ಪು ಅಂತಲ್ಲ. ಆ ಮಾತೆಲ್ಲ ಆಟದ ಒಳಗೇ ಇತ್ತು, ನಾನು ಅದನ್ನು ಹೊರಗೆ ಹುಡುಕುತ್ತಿದ್ದೆ.

ಖೋ ಖೋಗೆ ಚೆಂಡು ಬೇಡ, ಬ್ಯಾಟು ಬೇಡ, ಶೂ ಕೂಡ ಬೇಡ. ಎರಡು ಕಂಬ ಸಾಕು. ಸೆಂಟ್ರಿಂಗ್ ಕೆಲಸದಲ್ಲಿ ಉಳಿದಿದ್ದ ಎರಡು ಸರ್ವೆ ಕಂಬ ಮೇಸ್ತ್ರಿ ಕೊಟ್ಟರು. ನಿಯಮದ ಪ್ರಕಾರ ಎಂಟು ಮಂದಿ ಕೂರಬೇಕು, ಒಂಬತ್ತನೆಯವರು ಬೆನ್ನಟ್ಟಬೇಕು. ನಮ್ಮಲ್ಲಿ ಅಷ್ಟು ಮಕ್ಕಳಿರಲಿಲ್ಲ. ಆರು ಚೌಕ ಹಾಕಿ, ತಂಡಕ್ಕೆ ಏಳು ಮಂದಿ ಮಾಡಿದೆ.

ಆಡಿದವರಿಗೆ ಗೊತ್ತು, ಈ ಆಟ ಬರೀ ಓಟದ್ದಲ್ಲ. ಬೆನ್ನಟ್ಟುವವರು ಒಂದು ದಿಕ್ಕಿಗೆ ಹೆಜ್ಜೆ ಹಾಕಿದರೆ ಕಂಬ ಮುಟ್ಟುವ ತನಕ ಹಿಂದೆ ತಿರುಗುವ ಹಾಗಿಲ್ಲ. ನಡುವಿನ ಗೆರೆ ದಾಟುವ ಹಾಗೂ ಇಲ್ಲ. ಓಡುವವರು ಮಾತ್ರ ಕೂತವರ ಸಂದಿಯಲ್ಲಿ ನುಸುಳಿ ಆಚೆ ಹೋಗಬಹುದು. ಆಗ ಅಟ್ಟಿಕೊಂಡು ಬಂದವರಿಗೆ ದಾರಿ ಒಂದೇ, ಕೂತವರ ಬೆನ್ನು ಮುಟ್ಟಿ ಖೋ ಕೊಟ್ಟು ಅವರ ಜಾಗದಲ್ಲಿ ತಾವು ಕೂರುವುದು. ಕೈಗೆ ಸಿಕ್ಕೇಬಿಟ್ಟ ಅನ್ನುವವನನ್ನು ಇನ್ನೊಬ್ಬರಿಗೆ ಬಿಟ್ಟು ಕೂತುಬಿಡಬೇಕು. ಇದು ಸುಲಭ ಅಲ್ಲ.

ಅಲ್ಲೊಬ್ಬ ಹುಡುಗ ಇದ್ದ. ಎಲ್ಲರಿಗಿಂತ ಜೋರು ಓಟ. ಅವನಿಗೆ ಖೋ ಕೊಡುವುದೇ ಆಗುತ್ತಿರಲಿಲ್ಲ. ಓಡಿ ಓಡಿ ಕಂಬ ಸುತ್ತಿ ಏದುಸಿರು ಬಿಡುತ್ತಿದ್ದ, ಯಾರೂ ಸಿಗುತ್ತಿರಲಿಲ್ಲ. "ನಿಧಾನ ಓಡೋರಿಗೆ ಖೋ ಕೊಟ್ರ ಏನ್ ಪ್ರಯೋಜನ್ರಿ?" ಅಂತ ನನ್ನನ್ನೇ ಕೇಳಿದ. ನಾನು ಉತ್ತರ ಹೇಳಲಿಲ್ಲ. ಮುಂದಿನ ಸರದಿಯಲ್ಲಿ, ಮೂರು ಹೆಜ್ಜೆಗಿಂತ ಜಾಸ್ತಿ ಯಾರೂ ಓಡಬಾರದು, ಖೋ ಕೊಟ್ಟುಬಿಡಬೇಕು ಅಂದೆ. ಅವತ್ತು ಓಡುವವರು ಬೇಗ ಬೇಗ ಔಟಾದರು. ಅವನು ಸುಮ್ನೆ ಯೋಚನೆ ಮಾಡುತ್ತಾ ಕೂತಿದ್ದ. ಅವನು ಒಂದೇ ದಿನಕ್ಕೆ ಬದಲಾದ ಅಂತ ನಾನು ಹೇಳುವುದಿಲ್ಲ. ಆದರೆ ಆಮೇಲೆ ಒಂದೊಂದು ಸಲ ಅವನ ಕೈ ತಾನಾಗಿ ಮುಂದಿನವರ ಬೆನ್ನಿಗೆ ಹೋಗುತ್ತಿತ್ತು.

ನಾನು ಹೇಳಬೇಕಾದದ್ದು 2025ರ ಜನವರಿ 26ರ ಕತೆ. ಅವತ್ತು ಭಾನುವಾರ. ಹಿಂದಿನ ಭಾನುವಾರ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್‌ನ ಫೈನಲ್ ನಡೆದಿತ್ತು. ನಮ್ಮ ಹೆಣ್ಣುಮಕ್ಕಳ ತಂಡ, ಗಂಡುಮಕ್ಕಳ ತಂಡ ಎರಡೂ ನೇಪಾಳವನ್ನು ಸೋಲಿಸಿ ಗೆದ್ದಿದ್ದವು. ಹೆಣ್ಣುಮಕ್ಕಳ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ನಮ್ಮ ಜಿಲ್ಲೆಯ ಹುಡುಗಿ! ನನ್ನ ಫೋನಿನಲ್ಲಿ ಆ ಆಟದ ತುಣುಕು ತೋರಿಸಿದೆ. ಹದಿನೈದು ತಲೆ ಒಂದು ಚಿಕ್ಕ ಪರದೆಯ ಮೇಲೆ.

"ಹಳ್ಳ್ಯಾಗಿನ ಹುಡುಗಿ ಏನ್ರಿ?"

"ಹೌದು. ಹಳ್ಳಿಯವಳೇ."

ಗೆರೆಯ ಆಚೆ ನಿಲ್ಲುತ್ತಿದ್ದವಳು ಅವತ್ತು ಹತ್ತಿರ ಬಂದಿದ್ದಳು. ಕೂಸು ಫೋನಿಗೆ ಕೈ ಹಾಕುತ್ತಿತ್ತು, ಅದರ ಕೈ ಹಿಡಿದುಕೊಂಡೇ ನೋಡಿದಳು. ಎಲ್ಲರೂ ಆಟಕ್ಕೆ ಎದ್ದು ಹೋದ ಮೇಲೂ ಅಲ್ಲೇ ನಿಂತಳು. "ನೀನೂ ಬಾರಮ್ಮ" ಅಂದೆ, ಅಭ್ಯಾಸದಂತೆ. ಆಗ ಮೊದಲ ಸಲ ಒಂದು ಪೂರ್ತಿ ಮಾತು ಆಡಿದಳು.

"ನಾ ಆಡಿದ್ರ ಕೂಸಿನ್ ಯಾರ್ ಹಿಡೀತಾರ್ರಿ?"

ನಾನು ತಡೆದು ನಿಂತೆ. ಮೂರು ತಿಂಗಳಿಂದ ಅವಳನ್ನು "ಬಾ" ಅನ್ನುತ್ತಿದ್ದೆ. ನಾಚಿಕೆ ಸ್ವಭಾವ ಅಂದುಕೊಂಡಿದ್ದೆ. ಧೈರ್ಯ ಕಲಿಸಬೇಕು ಅಂದುಕೊಂಡಿದ್ದೆ. ಅವಳಿಗೆ ಬೇಕಾಗಿದ್ದದ್ದು ಧೈರ್ಯ ಅಲ್ಲ, ಕೂಸು ಹಿಡಿಯುವ ಎರಡು ಕೈ. ಅದನ್ನು ನಾನು ಕೇಳಿಯೇ ಇರಲಿಲ್ಲ. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ.

ನಾನೇ ಎತ್ತಿಕೊಳ್ಳಬಹುದಿತ್ತು. ಕೈ ಚಾಚಿಯೂ ಆಗಿತ್ತು. ಆದರೆ ಮುಂದಿನ ಭಾನುವಾರ ನಾನು ಬರದಿದ್ದರೆ? ಅಂಗಳದ ಕಡೆ ನೋಡಿದೆ. ಓಡುವ ತಂಡದಲ್ಲಿ ಒಂದು ಸಲಕ್ಕೆ ಮೂವರು ಮಾತ್ರ ಒಳಗೆ ಹೋಗುತ್ತಾರೆ. ಉಳಿದ ನಾಲ್ವರು ಸರದಿ ಕಾಯುತ್ತಾ ಕೂತಿರುತ್ತಾರೆ. ಖಾಲಿ ಕೈಗಳು ಅಲ್ಲೇ ಇದ್ದವು! ಎಲ್ಲರನ್ನೂ ಕರೆದು ಹೊಸ ನಿಯಮ ಹೇಳಿದೆ. ಓಡುವ ತಂಡದಲ್ಲಿ ಹೊರಗೆ ಕೂತವರು ಕೂಸು ನೋಡಿಕೊಳ್ಳಬೇಕು. ಹುಡುಗಿ, ಹುಡುಗ ಅಂತ ಭೇದ ಇಲ್ಲ. ಕೂಸು ಅತ್ತರೆ ಫೌಲ್ ಅಲ್ಲ, ಸಮಾಧಾನ ಮಾಡಿದರೆ ಸಾಕು.

ಹುಡುಗರು ಒಪ್ಪಲಿಲ್ಲ. ಜೋರು ಓಟದ ಹುಡುಗನೇ ಮೊದಲು ಬಾಯಿ ತೆಗೆದ. "ಗಂಡ್ ಹುಡುಗ್ರು ಕೂಸ್ ಎತ್ತಿಕೊಂಡ್ರ ಮಂದಿ ನಗ್ತಾರ್ರಿ, ಅಕ್ಕೋರ." ಹಾಗಾದರೆ ಆಟ ಬೇಡ, ಬಿಡಿ ಅಂತ ನಾನು ಕೂತೆ. ಅವರವರೇ ಮಾತಾಡಿಕೊಂಡರು. ಜಗಳವೂ ಆಯಿತು. ಐದಾರು ನಿಮಿಷ ಆದ ಮೇಲೆ ಒಬ್ಬ ಚಿಕ್ಕವನು, "ನಾ ಹಿಡೀತೀನ್ರಿ, ನಮ್ಮನ್ಯಾಗೂ ಐತಿ" ಅಂದ. ಅವನಿಂದ ಶುರುವಾಯಿತು.

ಅವಳು ಬೆನ್ನಟ್ಟುವ ತಂಡಕ್ಕೆ ಬಂದಳು. ಲಂಗ ಎತ್ತಿ ಸಿಕ್ಕಿಸಿಕೊಂಡು ಚೌಕದಲ್ಲಿ ಕೂತಳು. ಖೋ ಬಂತು, ಎದ್ದಳು. ಓಟ ಚೆನ್ನಾಗಿತ್ತು. ಆದರೆ ಖೋ ಕೊಡುವಾಗ ದನಿಯೇ ಹೊರಡಲಿಲ್ಲ. ಬೆನ್ನು ಮುಟ್ಟಿದರೆ ಸಾಲದು, ಕೇಳುವ ಹಾಗೆ ಖೋ ಅನ್ನಬೇಕು. ಇಲ್ಲದಿದ್ದರೆ ಫೌಲ್. ಎರಡು ಸಲ ಫೌಲ್ ಆಯಿತು. "ಒದರು! ಒದರು!" ಅಂತ ಅವಳ ತಂಡದವರು ಕೂಗಿದರು. ಹೆಣ್ಣುಮಗಳು ಒದರಬಾರದು ಅನ್ನುವ ಮಾತನ್ನೇ ಮನೆಯಲ್ಲಿ ಕೇಳಿ ಬೆಳೆದವಳು. ಅಲ್ಲಿ ಎಲ್ಲರೂ ಸೇರಿ ಒದರು ಅನ್ನುತ್ತಿದ್ದಾರೆ. ಮೂರನೇ ಸಲ ಖೋ ಅಂದದ್ದು ನನಗೆ ಕೇಳಿಸಿತು. ಜೋರೇನೂ ಇರಲಿಲ್ಲ, ಕೂತವನಿಗೆ ಕೇಳಿಸುವಷ್ಟಿತ್ತು. ಅವನು ಎದ್ದು ಓಡಿದ.

ಅಷ್ಟರಲ್ಲಿ ಜೋರು ಓಟದ ಹುಡುಗ ಔಟಾಗಿ ಹೊರಗೆ ಬಂದಿದ್ದ. ಕೂಸು ಅವನ ಪಾಲಿಗೆ ಬಂತು. ತೊಡೆಯ ಮೇಲೆ ಕೂರಿಸಿಕೊಂಡ. ಅದು ಅವನ ಕಿವಿ ಎಳೆಯಿತು. ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಆಟದ ಮೇಲಿತ್ತು. ಸ್ವಲ್ಪ ಹೊತ್ತಿಗೆ ಕೂಸಿನ ಕೈ ಹಿಡಿದು ಮಣ್ಣಿನಲ್ಲಿ ನಿಲ್ಲಿಸಿದ್ದ.

ಅದಾದ ಎರಡು ವಾರಕ್ಕೆ ಅವಳ ಅವ್ವನ ಹತ್ತಿರ ಹೋದೆ. ಹುಡುಗಿ ಊರಲ್ಲಿ ಐದನೇ ಕ್ಲಾಸಿನ ತನಕ ಓದಿದ್ದಳು. ಇಲ್ಲಿಗೆ ಬಂದ ಮೇಲೆ ಟಿಸಿ ಇಲ್ಲ ಅಂತ ಸುಮ್ಮನಾಗಿದ್ದರು. ಟಿಸಿ ತಡವಾದರೂ ಶಾಲೆ ಸೇರಿಸಿಕೊಳ್ಳಲೇಬೇಕು, 2009ರ ಶಿಕ್ಷಣ ಹಕ್ಕು ಕಾನೂನಿನಲ್ಲೇ ಹಾಗಿದೆ, ನಾನೇ ಜೊತೆಗೆ ಬರುತ್ತೇನೆ ಅಂದೆ. ಅವರು ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಿಸದೆ ಹೇಳಿದರು, "ಶಾಲಿಗಿ ಹಾಕ್ತೀವ್ರಿ ಅಕ್ಕೋರ, ಕೂಸಿನ್ ಯಾರ್ ಹಿಡೀತಾರ?"

ಅದೇ ಪ್ರಶ್ನೆ. ಭಾನುವಾರದ ಒಂದು ಗಂಟೆಗೆ ನಮ್ಮ ಹತ್ತಿರ ಉತ್ತರ ಇತ್ತು. ಸೋಮವಾರದಿಂದ ಶನಿವಾರದ ತನಕ ಇರಲಿಲ್ಲ. ಆಗ ಜಾರಿಯಲ್ಲಿದ್ದ ಕಟ್ಟಡ ಕಾರ್ಮಿಕರ 1996ರ ಕಾನೂನಿನಲ್ಲಿ, ಐವತ್ತಕ್ಕಿಂತ ಜಾಸ್ತಿ ಹೆಂಗಸರು ಕೆಲಸ ಮಾಡುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು, ನೋಡಿಕೊಳ್ಳುವವರು ಇರಬೇಕು ಅಂತಿತ್ತು. ಅಲ್ಲಿದ್ದ ಹೆಂಗಸರು ನಲವತ್ತರ ಆಸುಪಾಸು. ಹತ್ತು ಹೆಂಗಸರು ಕಡಿಮೆ ಇದ್ದಾರೆ ಅಂತ ಒಂದು ಹುಡುಗಿಯ ಶಾಲೆ ನಿಲ್ಲಬೇಕಾ? ಆಟ ಕಲಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನನಗೆ ಆ ರೊಟ್ಟಿಯ ಸದ್ದು ನೆನಪಾಗುತ್ತದೆ. ಸರಿಹೋಗುವುದಿಲ್ಲ. ಆಟದ ಜೊತೆಗೆ ಕೂಸಿನ ಕೋಣೆಯೂ ಬೇಕು, ಶಾಲೆಯೂ ಬೇಕು. ಅದಕ್ಕಾಗಿ ನಾವು ದೊಡ್ಡವರು ಕೇಳುತ್ತಾ ಇರಬೇಕು.

ಏಪ್ರಿಲ್‌ನಲ್ಲಿ ಅಲ್ಲಿನ ಕೆಲಸ ಮುಗಿಯಿತು. ಆರೇಳು ಸಂಸಾರಗಳು ಬೇರೆ ಸೈಟಿಗೆ ಹೊರಟವು. ನಾನು ಹೋಗುವ ಹೊತ್ತಿಗೆ ಟೆಂಪೊ ತುಂಬುತ್ತಿದ್ದರು. ತಗಡು, ಪಾತ್ರೆ, ಹಾಸಿಗೆ. ಅಂಗಳದಲ್ಲಿ ಕಂಬ ಇದ್ದ ಕಡೆ ಎರಡು ಗುಂಡಿ ಕಂಡವು. ಯಾರು ಕಿತ್ತರು ಅಂತ ನೋಡಿದರೆ ಅವಳು ಬಂದಳು, ಕೈಯೆಲ್ಲ ಮಣ್ಣು.

"ಕಂಬ ಒಯ್ತೀವ್ರಿ ಅಕ್ಕೋರ. ಮೇಸ್ತ್ರಿಗಿ ನಾನೇ ಕೇಳಿನ್ರಿ."

"ಏನಂದರು?"

"ಮೊದ್ಲ ಆಗಂಗಿಲ್ಲ ಅಂದ್ರು. ಮತ್ತ ಕೇಳಿನ್ರಿ."

ಟೆಂಪೊದವನು ಹಾರ್ನ್ ಹೊಡೆದ. ಅವಳು ತಮ್ಮನನ್ನು ಜೋರು ಓಟದ ಹುಡುಗನ ಕೈಗೆ ಕೊಟ್ಟು, ಕಂಬದ ಒಂದು ತುದಿ ಎತ್ತಿಕೊಂಡಳು. ಇನ್ನೊಂದು ತುದಿ ನಾನು ಹಿಡಿದೆ.