ಏರಿನಲ್ಲಿ ಟ್ರೈಲರ್ ಮೂತಿ ಎತ್ತುವುದು ಯಾಕೆ

ಮಂಗಳೂರಿನ ಬೈಕಂಪಾಡಿಯ ನಮ್ಮ ವರ್ಕ್‌ಶಾಪಿಗೆ ಟ್ರೈಲರ್ ಮಾಡಿಸಲು ಬರುವವರು ಮೊದಲು ಹೇಳುವುದು ತೊಟ್ಟಿಯ ಅಳತೆ: ಆರಡಿ ಉದ್ದ, ನಾಲ್ಕಡಿ ಅಗಲ, ಒಂದೂವರೆ ಅಡಿ ಎತ್ತರ. ನಾನು ಕೇಳುವುದು ಬೇರೆ ಎರಡು. ಅದರಲ್ಲಿ ತುಂಬುವ ಅತಿ ಭಾರದ ವಸ್ತು ಯಾವುದು? ಅದನ್ನು ಎಳೆದು ಹತ್ತಿಸುವ ಏರು ಎಂಥದ್ದು?

ಕಾರ್ಕಳ ಕಡೆಯ ಅಡಿಕೆ ಕೃಷಿಕರೊಬ್ಬರು ತಮ್ಮ ಜೀಪಿಗೆ ಸಣ್ಣ ಟ್ರೈಲರ್ ಬೇಕೆಂದರು. "ಗೊಬ್ಬರದ ಗೋಣಿ ಮಾತ್ರ ಮಾರಾಯ್ರೇ, ಬೇರೆಂತ ಇಲ್ಲ." ತೋಟ ನೋಡಲು ಹೋದರೆ ದಾರಿ ಬದಿಯಲ್ಲೇ ಮುರಕಲ್ಲಿನ ರಾಶಿ, ಆಚೆ ಹೊಸ ಮಣ್ಣು. ಅವರು ಹೇಳಿದ ತೊಟ್ಟಿಗೆ 36 ಘನ ಅಡಿ, ಅಂದರೆ ಸುಮಾರು ಒಂದು ಘನ ಮೀಟರ್ ಹಿಡಿಯುತ್ತದೆ. ಒದ್ದೆ ಮಣ್ಣು ತುಂಬಿದರೆ ಒಂದೂವರೆ ಟನ್ ದಾಟುತ್ತದೆ. ಜಾಗ ಇದ್ದರೆ ಕೆಲಸದವರು ತುಂಬುತ್ತಾರೆ, ಅದು ಅವರ ತಪ್ಪಲ್ಲ. ಹಾಗಾಗಿ ತಗಡಿನ ಬದಿಯನ್ನು ಒಂಬತ್ತು ಇಂಚಿಗೇ ನಿಲ್ಲಿಸಿ, ಮೇಲೆ ಗೋಣಿ, ಸೊಪ್ಪಿಗೆಂದು ತೆಗೆದು ಹಾಕುವ ಜಾಲರಿ ಕೊಟ್ಟೆವು. ಈಗ ಮಣ್ಣು ತುಂಬಿದರೂ ಟ್ರೈಲರ್ ಸೇರಿ ಒಂದು ಟನ್ನಿನ ಆಸುಪಾಸು.

ಮುಖ್ಯ ವಿಷಯ ಏರು. ಟ್ರೈಲರಿನ ಮೂತಿ, ಅಂದರೆ ಕೊಂಡಿಯ ತುದಿ, ಹಗುರಾಗಿ ಮೇಲೇಳಲು ನೋಡುವುದು ಅಲ್ಲೇ. ಟ್ರೈಲರಿನ ಒಟ್ಟು ತೂಕದ 10ರಿಂದ 15 ಶೇಕಡಾ ಜೀಪಿಗೆ ಜೋಡಿಸುವ ಕೊಂಡಿಯ ಮೇಲೆ ಕೂರಬೇಕು ಎನ್ನುವುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಆದರೆ ಅದು ಸಮತಟ್ಟು ನೆಲದ ಮಾತು. ಎಕ್ಸೆಲ್‌ನಿಂದ ಕೊಂಡಿಗೆ 2.2 ಮೀಟರ್ ಇದೆ ಎಂದಿಟ್ಟುಕೊಳ್ಳಿ. ಕೊಂಡಿಗೆ 10 ಶೇಕಡಾ ಭಾರ ಬರಲು ತೂಕದ ಕೇಂದ್ರ ಎಕ್ಸೆಲ್‌ಗಿಂತ 22 ಸೆಂಟಿಮೀಟರ್ ಮುಂದಿರಬೇಕು. ಗೋಣಿ ಎತ್ತರಕ್ಕೆ ಪೇರಿಸಿದಾಗ ಆ ಕೇಂದ್ರ ಕೊಂಡಿಗಿಂತ 40 ಸೆಂಟಿಮೀಟರ್ ಮೇಲೆ ಹೋಗುತ್ತದೆ. ನಾಲ್ಕಡಿಗೆ ಒಂದಡಿ ಏರುವ ದಾರಿಯಲ್ಲಿ, ಅದು 10 ಸೆಂಟಿಮೀಟರ್ ಹಿಂದಕ್ಕೆ ಸರಿದಷ್ಟೇ ಪರಿಣಾಮ. ಉಳಿಯುವುದು 12, ಕೊಂಡಿಯ ಭಾರ ಹತ್ತಿರ ಹತ್ತಿರ ಅರ್ಧ ಆಯಿತು. ಜೀಪಿನ ಹಿಂದಿನ ಚಕ್ರಕ್ಕೆ ಒತ್ತು ಬೇಕಾದ ಗಳಿಗೆಯಲ್ಲೇ ಅದು ಕೈಬಿಡುತ್ತದೆ. ಮಳೆಗಾಲದ ಪಾಚಿ ಹಿಡಿದ ಕಲ್ಲಿನ ಮೇಲೆ ಇದರ ಅರ್ಥ ಏನೆಂದು ಘಟ್ಟದ ಬುಡದವರಿಗೆ ವಿವರಿಸಬೇಕಿಲ್ಲ.

ನಾವು ಎಕ್ಸೆಲನ್ನು ಹಿಂದಕ್ಕೆ ಸರಿಸಿ ಸಮತಟ್ಟಿನಲ್ಲಿ 15 ಶೇಕಡಾ ಇಟ್ಟೆವು. ಚಕ್ರಗಳನ್ನು ತೊಟ್ಟಿಯ ಹೊರಬದಿಗೆ ತಂದು ತಳವನ್ನು ಆದಷ್ಟು ಕೆಳಗಿಳಿಸಿದೆವು. ಇಳಿಯುವಾಗ ಲೆಕ್ಕ ತಿರುಗುತ್ತದೆ: ಕೊಂಡಿಯ ಭಾರ ಏರುತ್ತದೆ, ಒಂದು ಟನ್ ಭಾರದ ಟ್ರೈಲರ್ ಜೀಪನ್ನು ಹಿಂದಿನಿಂದ ದೂಡುತ್ತದೆ. ಆದ್ದರಿಂದ ದೂಡಿದಾಗ ತಾನೇ ಹಿಡಿಯುವ ಓವರ್‌ರನ್ ಬ್ರೇಕ್ ಬೇಕೇ ಬೇಕು ಎಂದು ಹಟ ಹಿಡಿದೆ. ಖರ್ಚಿನ ಮಾತು ಬಂತು, ಆದರೂ ಬಿಡಲಿಲ್ಲ.

ಟೈರು, ಡಿಸ್ಕು, ಚಕ್ರಗಳ ನಡುವಿನ ಅಂತರ, ಮೂರೂ ಜೀಪಿನದ್ದೇ. ಹಾಗಾದರೆ ಟ್ರೈಲರ್ ಜೀಪಿನ ಜಾಡಿನಲ್ಲೇ ಬರುತ್ತದೆ, ಸ್ಟೆಪ್ನಿಯೂ ಒಂದೇ ಸಾಕು. ಕೊಂಡಿಗೆ ಬಾಲ್ ಬದಲು ತಿರುಗುವ ರಿಂಗ್ ಹಾಕಿದೆವು. ಜೀಪು ಒಂದು ಕಡೆ, ಟ್ರೈಲರ್ ಇನ್ನೊಂದು ಕಡೆ ವಾಲಿದಾಗ ಕೊಂಡಿ ತಿರುಗದಿದ್ದರೆ ಆ ತಿರುಚು ಪೂರ್ತಿ ಡ್ರಾಬಾರ್ (ಕೊಂಡಿಯಿಂದ ಚಾಸಿಗೆ ಬರುವ ತೋಳು) ಬುಡದ ವೆಲ್ಡಿಂಗಿಗೆ ಬೀಳುತ್ತದೆ. ಆ ವೆಲ್ಡಿಂಗಿಗೆ 7018 ಎಂಬ, ತೇವ ತಗಲಬಾರದ ವೆಲ್ಡಿಂಗ್ ರಾಡ್, ಅದೂ ಓವನ್‌ನಿಂದ ಬಿಸಿಯಾಗಿ ತೆಗೆದದ್ದು. ನಮ್ಮೂರಿನ ಜೂನ್ ತಿಂಗಳ ಗಾಳಿಯಲ್ಲಿ ತೆರೆದಿಟ್ಟ ರಾಡ್ ತೇವ ಹೀರಿ, ಬೆಸುಗೆಯೊಳಗೆ ಬಿರುಕಿಗೆ ದಾರಿ ಮಾಡುತ್ತದೆ.

ಚಾಸಿಗೆ ಚೌಕ ಪೈಪ್ ಬೇಡವೆಂದು ಚಾನಲ್, ಅಂದರೆ ಒಂದು ಬದಿ ತೆರೆದ ಉಕ್ಕಿನ ಪಟ್ಟಿ, ಆರಿಸಿದೆ. ಕರಾವಳಿಯಲ್ಲಿ ಪೈಪು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಗ್ಯಾಲ್ವನೈಸಿಂಗಿಗೂ, ಅಂದರೆ ತುಕ್ಕು ತಡೆಯುವ ಸತುವಿನ ಲೇಪಕ್ಕೂ, ಚಾನಲ್ ಸುಲಭ. ಸುಮಾರು 450 ಡಿಗ್ರಿಯ ಸತುವಿನಲ್ಲಿ ಮುಳುಗಿಸುವಾಗ, ಮುಚ್ಚಿದ ಪೈಪಿಗೆ ಗಾಳಿ ತೂತು ಇಲ್ಲದಿದ್ದರೆ ಒಳಗಿನ ತೇವ ಆವಿಯಾಗಿ ಸಿಡಿಯುತ್ತದೆ.

ಕಾನೂನಿನ ಮಾತನ್ನು ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೈಲರ್ ಕೂಡ ಮೋಟಾರು ವಾಹನವೇ. ನೋಂದಣಿ ಇಲ್ಲದೆ ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ಇವರದ್ದು ತೋಟದ ಗೇಟಿನೊಳಗಿನ ಓಡಾಟ. ಕೊಡುವಾಗ ಮಾಡಿದ ಬಿನ್ನಹ ಒಂದೇ: ಮಳೆಗಾಲ ಮುಗಿದ ಮೇಲೆ ಡ್ರಾಬಾರ್ ಬುಡವನ್ನು ತೊಳೆದು ನೋಡಿ, ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು ಗೆರೆ ಕಂಡರೂ ಅದು ಬಿರುಕಿರಬಹುದು, ಆಮೇಲೆ ಒಂದು ಲೋಡನ್ನೂ ಎಳೆಯದೆ ನಮ್ಮಲ್ಲಿಗೆ ತನ್ನಿ.