ಬೂಷ್ಟು ಹಿಡಿದ ಹಳೇಬೀಡಿನ ಫೋಟೋ: ಹೀಲ್ ಟೂಲ್ ಯಾಕೆ ಬಿಳಿ ಮೆತ್ತುತ್ತಿತ್ತು

ಸಕಲೇಶಪುರದ ಮನೆಯ ಅಟ್ಟದಲ್ಲಿದ್ದ ಟ್ರಂಕಿನ ಫೋಟೋಗಳನ್ನು ಒಂದೊಂದಾಗಿ ಸರಿ ಮಾಡುತ್ತಿದ್ದೇನೆ. ಈಗ ಕೈಯಲ್ಲಿರುವುದು ತಾತನ ಕಾಲದ ಕಪ್ಪು-ಬಿಳುಪು ಗ್ರೂಪ್ ಫೋಟೋ. ಹಿಂದೆ ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆ, ಮುಂದೆ ಮನೆಮಂದಿಯೆಲ್ಲ. ಗೋಡೆ, ಸೀರೆ, ಮುಖ ಏನನ್ನೂ ಬಿಡದೆ ಬೂಷ್ಟು ಹರಡಿದೆ. ಬಿಳಿ ಚುಕ್ಕೆಗಳು, ಅವುಗಳಿಂದ ಹೊರಟ ಜೇಡರ ಬಲೆಯಂಥ ಎಳೆಗಳು.

ಹಾಸನದ ಮನೆಯಲ್ಲಿದ್ದ ಫೋಟೋಗಳಿಗೆ ಇಷ್ಟು ಕಾಟ ಇಲ್ಲ. ಸಕಲೇಶಪುರದ ಮಳೆಗಾಲದ ತೇವವೇ ಬೇರೆ. ಹಳೆ ಪ್ರಿಂಟಿನ ಮೇಲ್ಪದರದಲ್ಲಿ ಜೆಲಟಿನ್ ಇರುತ್ತದೆ. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಅದು ತೇವ ಹೀರಿಕೊಳ್ಳುತ್ತದೆ, ಬೂಷ್ಟಿಗೆ ಅದೇ ಊಟ. ಇಂಥ ಫೋಟೋವನ್ನು ದಯವಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಬೂಷ್ಟು ತಿಂದ ಜಾಗಕ್ಕೆ ನೀರು ತಾಗಿದರೆ ಆ ಪದರ ಕರಗಿ ಚಿತ್ರವೇ ಎದ್ದು ಬರಬಹುದು. ನಾನು ಒಣಗಿದ್ದ ಹಾಗೇ 600 ಡಿಪಿಐನಲ್ಲಿ (ಇಂಚಿಗೆ 600 ಬಿಂದು) ಸ್ಕ್ಯಾನ್ ಮಾಡಿ, ಉಳಿದ ಕೆಲಸವನ್ನು ಫೋಟೋ ತಿದ್ದುವ ಸಾಫ್ಟ್‌ವೇರ್ ಆದ ಗಿಂಪ್‌ಗೆ ಬಿಟ್ಟೆ.

ತೊಂದರೆ ಶುರುವಾದದ್ದು ಅಲ್ಲಿ. ಕಲೆ ಅಳಿಸಲೆಂದೇ ಇರುವ ಹೀಲ್ ಟೂಲಿನಿಂದ ಚುಕ್ಕೆಯ ಮೇಲೆ ಉಜ್ಜಿದರೆ ಚುಕ್ಕೆ ಹೋಗುತ್ತಿರಲಿಲ್ಲ. ಅದೇ ಜಾಗದಲ್ಲಿ ಮಸುಕು ಬಿಳಿ ಮೆತ್ತಿಕೊಳ್ಳುತ್ತಿತ್ತು. ಮತ್ತೆ ಉಜ್ಜಿದರೆ ಇನ್ನೂ ಅಗಲ.

ಸಾಮಾನ್ಯ ಕಾರಣಗಳನ್ನು ಮೊದಲು ನೋಡಿದೆ. ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ ಮೂಲ ಜಾಗ, ಅಂದರೆ ಟೂಲ್ ಎಲ್ಲಿಂದ ಎತ್ತಿಕೊಳ್ಳಬೇಕೋ ಆ ಚೆನ್ನಾಗಿರುವ ಜಾಗ, ತೋರಿಸಿದ್ದೆ. (ಫೋಟೋಶಾಪ್‌ನಲ್ಲಿ ಇದಕ್ಕೆ ಆಲ್ಟ್.) ಹಳೆಯ ಸೆಲೆಕ್ಷನ್ ಎಲ್ಲೂ ಉಳಿದಿರಲಿಲ್ಲ. ಅದು ಉಳಿದಿದ್ದರೆ ಅದರ ಹೊರಗೆ ಬ್ರಷ್ ಕೆಲಸವೇ ಮಾಡುವುದಿಲ್ಲ. ಫೈಲು ಕೆಲವೇ ಬಣ್ಣಗಳ ಪಟ್ಟಿಯಿಂದ ಚಿತ್ರ ಕಟ್ಟುವ ಇಂಡೆಕ್ಸ್ಡ್ ಮೋಡ್‌ನಲ್ಲೂ ಇರಲಿಲ್ಲ. ಆ ಮೋಡ್‌ನಲ್ಲಿ ಹೀಲ್ ಟೂಲ್ ಓಡುವುದೇ ಇಲ್ಲ, ಗ್ರೇಸ್ಕೇಲ್ ಅಥವಾ ಆರ್‌ಜಿಬಿಗೆ ಬದಲಾಯಿಸಬೇಕು. ನನ್ನದು ಗ್ರೇಸ್ಕೇಲೇ. ಕೆಲಸ ಮಾಡುತ್ತಿದ್ದದ್ದು ಮೂಲ ಲೇಯರಿನ, ಅಂದರೆ ಚಿತ್ರದ ಪದರದ, ನಕಲಿನ ಮೇಲೆ. ಎಲ್ಲ ಸರಿಯಾಗಿಯೇ ಇತ್ತು.

ಕಾರಣ ಸಿಕ್ಕಿದ್ದು ಈ ಟೂಲ್ ಹೇಗೆ ಲೆಕ್ಕ ಹಾಕುತ್ತದೆ ಎಂದು ಓದಿದಾಗ. ಕ್ಲೋನ್ ಟೂಲ್ ಇದ್ದದ್ದನ್ನು ಇದ್ದ ಹಾಗೇ ತಂದು ಅಂಟಿಸುತ್ತದೆ. ಹೀಲ್ ಹಾಗಲ್ಲ. ಮೂಲ ಜಾಗದಿಂದ ಅದು ಮೇಲ್ಮೈಯ ನೇಯ್ಗೆಯನ್ನು ಮಾತ್ರ ತರುತ್ತದೆ. ಎಷ್ಟು ಕಪ್ಪು, ಎಷ್ಟು ಬಿಳುಪು ಅನ್ನುವುದನ್ನು ಉಜ್ಜುವ ಜಾಗದಿಂದಲೇ ತೆಗೆದುಕೊಳ್ಳುತ್ತದೆ, ಅದೂ ಬ್ರಷ್ಷಿನ ಅಂಚು ಎಲ್ಲಿ ಬೀಳುತ್ತದೋ ಅಲ್ಲಿಂದ. ಬ್ರಷ್ ಚುಕ್ಕೆಗಿಂತ ಚಿಕ್ಕದಿದ್ದರೆ ಅಂಚು ಬೂಷ್ಟಿನ ಮೇಲೇ ಬೀಳುತ್ತದೆ. ಸುತ್ತ ಇರುವುದೆಲ್ಲ ಬಿಳಿಯೇ ಎಂದುಕೊಂಡು ಟೂಲ್ ಒಳಗೂ ಬಿಳಿಯನ್ನೇ ತುಂಬುತ್ತದೆ. ಬ್ರಷ್ಷನ್ನು ಚುಕ್ಕೆಗಿಂತ ಸ್ವಲ್ಪ ದೊಡ್ಡದು ಮಾಡಿ ಒಂದೇ ಸಲ ಒತ್ತಿದೆ. ಚುಕ್ಕೆ ಮಾಯ!

ಎಳೆಗಳಿಗೆ ಇಷ್ಟು ಸಾಲಲಿಲ್ಲ. ಎಳೆ ಉದ್ದವಾದದ್ದು. ಬ್ರಷ್ ಎಲ್ಲಿಟ್ಟರೂ ಅದರ ಅಂಚನ್ನು ಎಳೆ ಎರಡು ಕಡೆ ದಾಟುತ್ತದೆ, ಆ ಎರಡೂ ಕಡೆಯಿಂದ ಬಿಳಿ ಒಳಗೆ ಹರಿಯುತ್ತದೆ. ಅದಕ್ಕೆ ಈಗ ಎರಡು ಹಂತ ಮಾಡಿಕೊಂಡಿದ್ದೇನೆ. ಮೊದಲು ಸಣ್ಣ ಬ್ರಷ್ಷಿನ ಕ್ಲೋನ್ ಟೂಲಿನಿಂದ ಎಳೆಯನ್ನು ಒರಟಾಗಿ ಮುಚ್ಚುವುದು. ಅಲ್ಲಲ್ಲಿ ತೇಪೆ ಕಾಣುತ್ತದೆ, ಪರವಾಗಿಲ್ಲ. ಆಮೇಲೆ ಅದರ ಮೇಲೆ ಹೀಲ್. ಅಂಚಿನಲ್ಲಿ ಬಿಳಿ ಉಳಿದಿಲ್ಲವಲ್ಲ, ತೇಪೆ ಸುತ್ತಲಿನ ಬಣ್ಣಕ್ಕೆ ಹೊಂದಿಕೊಳ್ಳುತ್ತದೆ. ಸೀರೆಯ ಕಪ್ಪು ಅಂಚು ಬಿಳಿ ಪಂಚೆಗೆ ತಾಗುವಂಥ ಕಡೆ ಮಾತ್ರ ಹೀಲ್ ಬೇಡವೇ ಬೇಡ. ಕಪ್ಪು ಬಿಳಿಯೊಳಗೆ ಕದಡುತ್ತದೆ. ಅಲ್ಲಿ ಕ್ಲೋನ್ ಒಂದೇ ಸಾಕು.

ಇನ್ನು ಗೋಡೆ. ಕೆಳಗಿನ ಆನೆಗಳ ಸಾಲಿನಲ್ಲಿ ಒಂದರ ತಲೆಯನ್ನು ಬೂಷ್ಟು ಪೂರ್ತಿ ತಿಂದಿತ್ತು. ಪಕ್ಕದ ಆನೆಯ ತಲೆ ತಂದು ಅಂಟಿಸುವುದು ಸುಲಭ. ನನಗೆ ಮನಸ್ಸು ಬರಲಿಲ್ಲ. ಅಲ್ಲಿ ಸೊಂಡಿಲು, ಕಾಲು, ನಡಿಗೆ ಒಂದೊಂದರದ್ದೂ ಬೇರೆ ಬೇರೆ. ಬಳಪದ ಕಲ್ಲಿನಲ್ಲಿ ಅಷ್ಟು ಕಷ್ಟಪಟ್ಟು ಕೆತ್ತಿದವರಿಗೆ ಅಷ್ಟಾದರೂ ಮರ್ಯಾದೆ ಕೊಡಬೇಕಲ್ವಾ? ಹಾಸನದಿಂದ ಹಳೇಬೀಡು ಏನು ದೂರ, 30 ಕಿಲೋಮೀಟರ್ ಆಸುಪಾಸು. ಹೋಗಿ, ಮೇಲಿನ ಶಿಲ್ಪಗಳನ್ನು ಗುರುತಿಟ್ಟುಕೊಂಡು ಅದೇ ಗೋಡೆ ಹುಡುಕಿ, ಮೋಡದ ಬೆಳಕಿನಲ್ಲಿ ಫೋಟೋ ತೆಗೆದೆ. ಗಿಂಪ್‌ನಲ್ಲಿ ತೆರೆದಿರುವ ಇನ್ನೊಂದು ಚಿತ್ರವನ್ನೂ ಮೂಲವಾಗಿ ತೋರಿಸಬಹುದು. ಅಳತೆಯನ್ನು ಮಾತ್ರ ನಾವೇ ಮೊದಲು ಹೊಂದಿಸಿಕೊಳ್ಳಬೇಕು. ಗಾತ್ರ, ಕೋನ ಸರಿ ಮಾಡಿ ಗ್ರೇಸ್ಕೇಲ್‌ಗೆ ತಂದು, ಕ್ಲೋನ್ ಮಾಡಿ, ಮೇಲೆ ಹೀಲ್ ಎಳೆದೆ. ಈಗಿನ ಕಲ್ಲಿನ ಬೆಳಕು ಹೋಗಿ ಹಳೆ ಫೋಟೋದ ಬೆಳಕೇ ಬಂತು. ಈ ಟೂಲಿನ ಇಡೀ ಶಕ್ತಿ ನನಗೆ ಕಂಡಿದ್ದು ಅಲ್ಲಿ.

ಮುಖಗಳದ್ದು ಬೇರೆ ಕಥೆ. ಅಜ್ಜಿಯ ತೊಡೆಯ ಮೇಲಿರುವ ಮಗು ನಮ್ಮ ಅತ್ತೆ. ಕೆನ್ನೆ, ಒಂದು ಕಣ್ಣು ಹೋಗಿವೆ. ಇನ್ನೊಂದು ಕಣ್ಣನ್ನೇ ತಿರುಗಿಸಿ ಹಾಕುವ ಉಪಾಯ ಹಲವರು ಹೇಳಿದರು. ಫೋನಿನಲ್ಲಿ ಅತ್ತೆಯನ್ನೇ ಕೇಳಿದೆ. "ಬೇಡ ಕಣೋ, ಯಾರ್‍ಯಾರದೋ ಮುಖ ಆಗ್ಬಿಡುತ್ತೆ. ನನ್ನ ಹತ್ರಾನೂ ಒಂದು ಪ್ರಿಂಟ್ ಇದೆ, ಚಿಕ್ಕದು, ತಗೊಂಡ್ಹೋಗು" ಅಂದರು.

ಆ ಚಿಕ್ಕ ಪ್ರಿಂಟಿನಲ್ಲಿ ಮುಖ ಸ್ವಚ್ಛವಾಗಿದೆ. 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ದೊಡ್ಡದರ ಫೈಲಿನಲ್ಲೇ ಇನ್ನೊಂದು ಲೇಯರಾಗಿ ಇಟ್ಟು, ಕಣ್ಣು, ಬೈತಲೆ, ಬಳೆ ಒಂದರ ಮೇಲೊಂದು ಕೂರುವಂತೆ ಹೊಂದಿಸಿದೆ. ಆಮೇಲೆ ಟೂಲಿನ ಆಯ್ಕೆಗಳಲ್ಲಿರುವ ಅಲೈನ್‌ಮೆಂಟ್‌ನಲ್ಲಿ ರಿಜಿಸ್ಟರ್ಡ್ ಆರಿಸಿದೆ. ಹೀಗೆ ಮಾಡಿದರೆ ಬ್ರಷ್ ಎಲ್ಲಿದೆಯೋ, ಮೂಲವಾಗಿ ತೋರಿಸಿದ ಚಿಕ್ಕ ಪ್ರಿಂಟಿನ ಲೇಯರಿನ ಅದೇ ಜಾಗದಿಂದ ಎತ್ತಿಕೊಳ್ಳುತ್ತದೆ. ಕಣ್ಣು ಅತ್ತೆಯದೇ ಬಂತು.

ಬಾಕಿ ಇರುವುದು ಬಲಮೂಲೆಯ ಹರಿದ ಜಾಗ. ಅಲ್ಲಿ ಏನಿತ್ತೆಂದು ಚಿಕ್ಕ ಪ್ರಿಂಟಿನಲ್ಲೂ ಇಲ್ಲ, ಆದ್ದರಿಂದ ತುಂಬಲು ಹೋಗುವುದಿಲ್ಲ. ಅಷ್ಟು ಕತ್ತರಿಸಿ, 300 ಡಿಪಿಐನಲ್ಲಿ ಪ್ರಿಂಟಿಗೆ ಕೊಡುತ್ತೇನೆ. ಉದ್ದ, ಅಗಲ ಎರಡೂ ಮೂಲದ ಎರಡರಷ್ಟು ಬರುತ್ತವೆ. ಒಂದು ಪ್ರತಿ ಅತ್ತೆಗೆ, ಒಂದು ಸಕಲೇಶಪುರಕ್ಕೆ.