ಗಂಡಿಕೋಟದ ಕೊಳ್ಳಕ್ಕೆ ಹೊರಡುವ ತಯಾರಿ

ಹುಬ್ಬಳ್ಳಿ-ಧಾರವಾಡದ ಕಡೆಯವರು ಚಾರಣ, ಟೆಂಟು, ನದಿ ಎಂಬ ಮೂರು ಮಾತುಗಳನ್ನು ಒಟ್ಟಿಗೆ ಆಡಿದರೆ ಕೇಳುವವರು ದಾಂಡೇಲಿ ಎಂದೇ ತಿಳಿದುಕೊಳ್ಳುತ್ತಾರೆ. ನಮ್ಮ ಬಳಗದಲ್ಲಿಯೂ ಹಾಗೆಯೇ ಆಯಿತು. ಆದರೆ ಈ ಚಳಿಗಾಲಕ್ಕೆ ನಾವು ಹಾಕಿಕೊಂಡಿರುವ ಯೋಜನೆ ಪಶ್ಚಿಮದ ಕಾಡಿಗಲ್ಲ, ಪೂರ್ವದ ಬಯಲಿಗೆ: ಆಂಧ್ರಪ್ರದೇಶದ ಕಡಪಾ ಜಿಲ್ಲೆಯಲ್ಲಿ ಪೆನ್ನಾ ನದಿ ಎರ್ರಮಲ ಗುಡ್ಡಗಳನ್ನು ಸೀಳಿಕೊಂಡು ಹರಿಯುವ ಗಂಡಿಕೋಟದ ಕೊಳ್ಳಕ್ಕೆ. ಒಂದು ರಾತ್ರಿ ಕೊಳ್ಳದ ದಂಡೆಯ ಮೇಲೆ ಟೆಂಟಿನಲ್ಲಿ ಉಳಿದು, ಮರುದಿನ ನಸುಕಿನಲ್ಲಿ ಕೆಳಗೆ ಇಳಿದು ಹತ್ತುವುದು ಮುಖ್ಯ ಉದ್ದೇಶ.

ಈ ಊರು ನಮಗೆ ತೋರುವಷ್ಟು ದೂರವೇನಲ್ಲ. ಧಾರವಾಡ, ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳನ್ನು ಪೋಣಿಸಿಕೊಂಡು ಹೋಗುವ 67ನೆಯ ರಾಷ್ಟ್ರೀಯ ಹೆದ್ದಾರಿಯೇ ಮುಂದೆ ಗುಂತಕಲ್, ಗುತ್ತಿ, ತಾಡಪತ್ರಿಗಳನ್ನು ದಾಟಿ ಆ ಸೀಮೆಯನ್ನು ಮುಟ್ಟುತ್ತದೆ. ಹುಬ್ಬಳ್ಳಿಯಿಂದ 400 ಕಿಲೋಮೀಟರಿಗೆ ತುಸು ಹೆಚ್ಚು. ರೈಲಿನ ಮಾತು ಬಂದರೆ, ಕೊಲ್ಹಾಪುರದಿಂದ ತಿರುಪತಿಗೆ ಹೋಗುವ ಹರಿಪ್ರಿಯಾ ಎಕ್ಸ್‌ಪ್ರೆಸ್ ನಮ್ಮ ಮನೆಮನೆಯವರಿಗೂ ಗೊತ್ತಿರುವ ಗಾಡಿ. ತಲೆಮಾರುಗಳಿಂದ ನಮ್ಮವರು ಆ ಗಾಡಿಯಲ್ಲಿ ಮುಡಿ ಕೊಡಲು ಹೋಗುತ್ತಲೇ ಇದ್ದಾರೆ. ಆದರೆ ತಾಡಪತ್ರಿ, ಎರ್ರಗುಂಟ್ಲದ ಹಾದಿ ರಾತ್ರಿ ನಿದ್ದೆಯಲ್ಲಿಯೇ ದಾಟಿಹೋಗುವುದರಿಂದ ಆಚೆ ಒಂದು ಕೊಳ್ಳವಿದೆಯೆಂಬುದು ಯಾರ ಗಮನಕ್ಕೂ ಬಂದಿಲ್ಲ.

ಯೋಜನೆಗೆ ಕುಳಿತಾಗ ನಾನು ಮೊದಲು ಹೇಳಿದ್ದು, ದಾಂಡೇಲಿಯ ರೂಢಿಯನ್ನು ಇಲ್ಲಿಯೇ ಬಿಟ್ಟು ಹೊರಡಬೇಕು ಎಂದು. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಎಲ್ಲಿ ನಡೆಯಬೇಕು, ಎಲ್ಲಿ ಮಲಗಬೇಕು ಎಂಬುದನ್ನು ಅರಣ್ಯ ಇಲಾಖೆ ನಿರ್ಧರಿಸುತ್ತದೆ. ನಮ್ಮ ಚಿಂತೆಯೇನಿದ್ದರೂ ಅನುಮತಿ, ಮಳೆ, ಇಂಬಳ ಇಷ್ಟೇ. ನೆರಳು ಮತ್ತು ನೀರಿನ ವಿಚಾರ ಅಲ್ಲಿ ಯಾರ ತಲೆಗೂ ಬರುವುದಿಲ್ಲ. ಗಂಡಿಕೋಟದಲ್ಲಿ ಮುಖ್ಯವಾದವುಗಳೆಂದರೆ ಆ ಎರಡೇ, ಮತ್ತು ಮೂರನೆಯದಾಗಿ ಕಾಲ ಕೆಳಗಿನ ಕಲ್ಲು. ಉಳಿದ ಎಲ್ಲ ತೀರ್ಮಾನಗಳೂ ಈ ಮೂರರ ಹಿಂದೆಯೇ ಬರುತ್ತವೆ.

ಕಾಲದಿಂದ ಶುರುಮಾಡುತ್ತೇನೆ. ನಮ್ಮಲ್ಲಿ ಮುಂಗಾರು ಮುಗಿದು ದಸರಾ ಬಂತೆಂದರೆ ತಿರುಗಾಟಕ್ಕೆ ಹದ ಬಂತೆಂದು ಲೆಕ್ಕ. ಆದರೆ ಕಡಪಾ ಸೀಮೆಗೆ ಬಂಗಾಳಕೊಲ್ಲಿಯ ಹಿಂಗಾರು ತಲುಪುತ್ತದೆ. ಅಕ್ಟೋಬರ್ ಮತ್ತು ನವೆಂಬರ್ ಅಲ್ಲಿ ವಾಯುಭಾರ ಕುಸಿತದ ತಿಂಗಳುಗಳು. 2021ರ ನವೆಂಬರಿನಲ್ಲಿ ಪೆನ್ನಾದ ಉಪನದಿಯಾದ ಚೆಯ್ಯೇರಿಗೆ ಕಟ್ಟಿದ್ದ ಅನ್ನಮಯ್ಯ ಅಣೆಕಟ್ಟು ಅಂಥದೇ ಮಳೆಯ ನೆರೆಗೆ ಒಡೆದುಹೋದದ್ದನ್ನು ಓದುಗರು ಮರೆತಿರಲಾರರು. ಫೆಬ್ರುವರಿ ದಾಟಿದರೆ ಬಿಸಿಲಿನ ಮಾತೇ ಬೇಡ. ರಾಯಲಸೀಮೆಯ ಬೇಸಿಗೆ 40 ಡಿಗ್ರಿಯ ಮೇಲೆ ನಿಂತು ಮಾತಾಡುತ್ತದೆ. ಹೀಗಾಗಿ ಡಿಸೆಂಬರ್ ನಡುವಿನಿಂದ ಜನವರಿಯ ಕೊನೆಯವರೆಗಿನ ಅವಧಿಯನ್ನು ಹಿಡಿದೆವು. ನಕ್ಷತ್ರ ಕಾಣಬೇಕಾದರೆ ಅಮಾವಾಸ್ಯೆಯೇ ಆಗಬೇಕೆಂದು ನಮ್ಮ ತಂಗಿ ಹಟ ಹಿಡಿದಳು. ಆ ಅವಧಿಯ ಅಮಾವಾಸ್ಯೆಯೆಂದರೆ ಎಳ್ಳಮಾವಾಸ್ಯೆ. ಗದಗಿನ ಗೆಳೆಯನ ಮನೆಯಲ್ಲಿ ಅಂದು ಹೊಲಕ್ಕೆ ಚರಗ ಚೆಲ್ಲುವುದು ತಪ್ಪುವಂತಿಲ್ಲ, ಸಜ್ಜಿ ಕಡುಬು ಬಿಟ್ಟು ಅವನು ಕಲ್ಲುಬಂಡೆ ನೋಡಲು ಬರುವವನೂ ಅಲ್ಲ. ಕೊನೆಗೆ ಅಮಾವಾಸ್ಯೆಯ ನಂತರದ ವಾರಾಂತ್ಯ ಎಂದಾಯಿತು. ಬಿದಿಗೆ, ತದಿಗೆಯ ಚಂದ್ರ ಬೇಗ ಮುಳುಗುವುದರಿಂದ ಆಕಾಶಕ್ಕೇನೂ ಕೊರತೆಯಾಗುವುದಿಲ್ಲ.

ಇನ್ನು ಕಲ್ಲು. ಹಿಂದೊಮ್ಮೆ ಬೇಲಂ ಗುಹೆಗಳಿಗೆ ಹೋಗಿದ್ದಾಗ ಒಂದು ಮಧ್ಯಾಹ್ನ ಗಂಡಿಕೋಟದಲ್ಲಿ ಇಳಿದು ಕೊಳ್ಳದ ಅಂಚಿನವರೆಗೆ ನಡೆದಿದ್ದೆವು. ಕೆಂಪು ಬಂಡೆಗಳು ಯಾರೋ ಅಳತೆ ಹಿಡಿದು ಕತ್ತರಿಸಿ ಒಂದರ ಮೇಲೊಂದು ಪೇರಿಸಿಟ್ಟಂತೆ ಚೌಕಚೌಕವಾಗಿ ನಿಂತಿವೆ. ಅಡ್ಡಕ್ಕೆ ಪದರಗಳು, ಉದ್ದಕ್ಕೆ ಬಿರುಕುಗಳು. ಎರಡೂ ಕೂಡುವಲ್ಲಿ ಕಲ್ಲು ಪೆಟ್ಟಿಗೆಯಂತೆ ಬಿಡಿಬಿಡಿಯಾಗಿ ಕಳಚಿ ಕೆಳಗೆ ಬೀಳುತ್ತದೆ. ಕೊಳ್ಳದ ಗೋಡೆಗಳು ಇಳಿಜಾರಾಗದೆ ನೆಟ್ಟಗೆ ನಿಂತಿರುವುದಕ್ಕೆ ಇದೇ ಕಾರಣ. ಕೆಲವೆಡೆ ಬಂಡೆಗಳ ನಡುವಿನ ಸಂದು ಒಂದು ಹೆಜ್ಜೆಯಷ್ಟು ಅಗಲವಿದ್ದು, ಇಣುಕಿದರೆ ತಳದಲ್ಲಿ ಕತ್ತಲೆಯೇ ಕಾಣುತ್ತದೆ. ಅಂಚಿನಿಂದ ನೀರಿನವರೆಗೆ ಸುಮಾರು 300 ಅಡಿ, ನಾವು ನಿಂತ ಕಡೆ ಹಿಡಿದುಕೊಳ್ಳಲು ಒಂದು ಕಂಬಿಯೂ ಇರಲಿಲ್ಲ. ಕತ್ತಲಾದ ಮೇಲೆ ಯಾರೂ ಒಬ್ಬೊಬ್ಬರೇ ಅಂಚಿನ ಕಡೆಗೆ ಹೋಗಕೂಡದು, ತಲೆಗೆ ಕಟ್ಟುವ ಬ್ಯಾಟರಿ ಇಲ್ಲದೆ ಟೆಂಟಿನಿಂದ ಹೊರಬೀಳಕೂಡದು, ಸೆಲ್ಫಿಯ ಮಾತು ಎತ್ತಲೇಕೂಡದು ಎಂಬ ಕಟ್ಟಳೆಗಳನ್ನು ಹೊರಡುವ ಮೊದಲೇ ಎಲ್ಲರ ಬಾಯಿಂದ ಹೇಳಿಸಿಕೊಂಡಿದ್ದೇನೆ.

ಇಂಥ ನೆಲದಲ್ಲಿ ಟೆಂಟಿನ ಗೂಟ ಇಳಿಯುವುದಿಲ್ಲ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬೇಕೆಂದು ಧಾರವಾಡದ ನಮ್ಮ ಮನೆಯ ಮಾಳಿಗೆಯ ಮೇಲೆ, ಸಿಮೆಂಟಿನ ನೆಲದಲ್ಲಿ, ಗೂಟಗಳನ್ನು ಬದಿಗಿಟ್ಟು ಟೆಂಟು ನಿಲ್ಲಿಸಿದೆವು. ಬಾಗುವ ಎರಡು ಕೋಲುಗಳ ಮೇಲೆ ತಾನಾಗಿಯೇ ನಿಲ್ಲುವ ಬಗೆಯ ಟೆಂಟಾದ್ದರಿಂದ ನಿಂತೇನೋ ನಿಂತಿತು. ಆದರೆ ಸಂಜೆಯ ಗಾಳಿ ಬಂದಾಗ ಇಡೀ ಟೆಂಟು ನೀರಿನ ಟಾಕಿಯ ತನಕ ಜಾರಿಕೊಂಡು ಹೋಯಿತು. ನಾಲ್ಕೂ ಮೂಲೆಯ ಹಗ್ಗವನ್ನು ಇಟ್ಟಿಗೆಗೆ ಸುತ್ತಿ, ಆ ಇಟ್ಟಿಗೆಯ ಮೇಲೆ ಮತ್ತೊಂದು ಇಟ್ಟಿಗೆ ಹೇರಿದಾಗ ಮಾತ್ರ ಅಲುಗಾಡದೆ ಕುಳಿತುಕೊಂಡಿತು. ಗಂಡಿಕೋಟದಲ್ಲಿ ಇಟ್ಟಿಗೆಯ ಬದಲು ಕಲ್ಲು ಸಿಗುತ್ತವೆ, ಬೇಕಾದಷ್ಟು ಸಿಗುತ್ತವೆ. ಆದರೆ ಬಿಸಿಲುನಾಡಿನ ಕಲ್ಲಿನ ಅಡಿಯಲ್ಲಿ ಚೇಳು ಇರುವುದು ಸಹಜವಾದ್ದರಿಂದ, ಕೈ ಹಾಕುವ ಮೊದಲು ಕೋಲಿನಿಂದ ಹೊರಳಿಸಿ ನೋಡಬೇಕು, ಬೂಟನ್ನು ರಾತ್ರಿ ಟೆಂಟಿನ ಒಳಗೇ ಇಟ್ಟುಕೊಳ್ಳಬೇಕು. ಹಗಲೆಲ್ಲ ಕಾದ ಬಂಡೆ ಮುಂಜಾನೆಯ ಹೊತ್ತಿಗೆ ತಣ್ಣಗಾಗಿಬಿಡುವುದರಿಂದ ಕೆಳಗೆ ಹಾಸಲು ದಪ್ಪನೆಯ ಹಾಸಿಗೆಯೊಂದು ಬೇಕು. ಅದಕ್ಕೆ ನಮ್ಮ ಅವ್ವ ಹೊಲಿದ ಕೌದಿಯೇ ಸಾಕೆಂದು ನನ್ನ ಅಭಿಪ್ರಾಯ. ತೂಕ ಜಾಸ್ತಿ ಎಂಬ ಆಕ್ಷೇಪಣೆ ಬಂದಿದೆ, ನಾನು ಕಿವಿಗೆ ಹಾಕಿಕೊಂಡಿಲ್ಲ.

ಕಾಲಿಗೆ ಅಭ್ಯಾಸವಾಗಲೆಂದು ನವಿಲುತೀರ್ಥದ ಗುಡ್ಡಗಳನ್ನು ಆರಿಸಿಕೊಂಡೆವು. ಧಾರವಾಡದವರು ಬೆಳಗಿನ ನಡಿಗೆಗೆ ಸಾಧನಕೇರಿಗೆ, ಹುಬ್ಬಳ್ಳಿಯವರು ನೃಪತುಂಗ ಬೆಟ್ಟಕ್ಕೆ ಹೋಗುವುದು ಸರಿಯೇ. ಆದರೆ ಡಾಂಬರಿನ ಮೇಲೆ ನಡೆದ ಕಾಲಿಗೆ ಬಂಡೆಯ ಮೇಲಿನ ಹೆಜ್ಜೆ ಬೇರೆಯದೇ. ಸವದತ್ತಿಯ ಹತ್ತಿರ ಮಲಪ್ರಭೆ ಗುಡ್ಡದ ಸಾಲನ್ನು ಕೊರೆದುಕೊಂಡು ಹಾಯ್ದುಹೋಗುವ ಇಕ್ಕಟ್ಟಿನಲ್ಲಿಯೇ ನವಿಲುತೀರ್ಥದ ಅಣೆಕಟ್ಟು ಇದೆ. ಅಲ್ಲಿಯ ಕಲ್ಲಿಗೂ ಗಂಡಿಕೋಟದ ಕಲ್ಲಿಗೂ ಒಂದು ಬಗೆಯ ದಾಯಾದಿತನವಿದೆ. ನವಿಲುತೀರ್ಥ, ಗೋಕಾಕ, ಬಾದಾಮಿಗಳ ಬಂಡೆಗಳು ಕಲಾದಗಿ ಶಿಲಾವಲಯಕ್ಕೆ ಸೇರಿದರೆ ಗಂಡಿಕೋಟದವು ಕಡಪಾ ಶಿಲಾವಲಯಕ್ಕೆ ಸೇರುತ್ತವೆ. ಎರಡನ್ನೂ ಭೂವಿಜ್ಞಾನಿಗಳು ‘ಪುರಾಣ’, ಎಂದರೆ ಬಹು ಹಳೆಯ, ವಲಯಗಳ ಗುಂಪಿನಲ್ಲಿ ಇಡುತ್ತಾರೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ನೀರಿನ ತಳದಲ್ಲಿ ಪದರುಪದರಾಗಿ ಕೂತ ಮರಳು ಗಟ್ಟಿಯಾಗಿ ಈ ಬಂಡೆಗಳಾಗಿವೆ. ಕಡಪಾ ಎಂದೊಡನೆ ನಮ್ಮವರಿಗೆ ನೆನಪಾಗುವುದು ಅಡುಗೆಮನೆಯ ಕಟ್ಟೆಗೆ ಹಾಕಿಸುವ ಕಪ್ಪು ಕಲ್ಲು. ಅದು ಅದೇ ಸೀಮೆಯ ಸುಣ್ಣಕಲ್ಲು, ಕೊಳ್ಳದ ಗೋಡೆಯ ಕೆಂಪು ಕಲ್ಲಿಗಿಂತ ಬೇರೆ. ಸುಣ್ಣಕಲ್ಲನ್ನು ನೀರು ಕರಗಿಸಿ ಗುಹೆ ಮಾಡುತ್ತದೆ, ಮರಳುಗಲ್ಲನ್ನು ಕೊರೆದು ಕೊಳ್ಳ ಮಾಡುತ್ತದೆ. ಬೇಲಂ ಮತ್ತು ಗಂಡಿಕೋಟ ಸುಮಾರು 60 ಕಿಲೋಮೀಟರಿನ ಅಂತರದಲ್ಲಿಯೇ ಇದ್ದರೂ ಒಂದು ನೆಲದೊಳಗೆ, ಇನ್ನೊಂದು ನೆಲದ ಮೇಲೆ ತೆರೆದುಕೊಂಡಿರುವುದರ ಗುಟ್ಟು ಇದು.

ನೀರಿಗೆ ತಲೆಗೆ ದಿನಕ್ಕೆ 4 ಲೀಟರಿನಂತೆ ಲೆಕ್ಕ ಹಾಕಿದ್ದೇನೆ, ಅಡುಗೆಯದು ಬೇರೆ. 20 ಲೀಟರಿನ ಕ್ಯಾನುಗಳನ್ನು ಗಂಡಿಕೋಟದಿಂದ ಸುಮಾರು 15 ಕಿಲೋಮೀಟರು ಈಚೆಗಿರುವ ಜಮ್ಮಲಮಡುಗಿನಲ್ಲಿ ತುಂಬಿಸಿಕೊಳ್ಳುವುದು. ಕೊಳ್ಳದಲ್ಲಿ ಕಾಣುವ ನೀರನ್ನು ಕುಡಿಯುವ ನೀರೆಂದು ಎಣಿಸಬಾರದು. ಅಡುಗೆಯನ್ನು ಆದಷ್ಟು ಕಡಿಮೆ ಮಾಡಿದರೆ ನೀರೂ ಉಳಿಯುತ್ತದೆ. ಈ ವಿಷಯದಲ್ಲಿ ನಮ್ಮ ಬುತ್ತಿಯನ್ನು ಮೀರಿಸುವಂಥದು ಯಾವ ಅಂಗಡಿಯ ಪೊಟ್ಟಣದಲ್ಲಿಯೂ ಇಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ: ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಸಿಹಿಗೆ ಮಾದಲಿ. ಎಳ್ಳು ಹಚ್ಚಿದ ಸಜ್ಜಿಯ ರೊಟ್ಟಿಗಳನ್ನು ಬಿಳಿ ಪಂಚೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಇಟ್ಟರೆ ವಾರವಾದರೂ ಕೆಡುವುದಿಲ್ಲ, ಮುರಿದು ಪುಡಿಯಾದರೂ ಮೊಸರಿನಲ್ಲಿ ಕಲಸಿಕೊಂಡು ತಿನ್ನಬಹುದು. ಚಹಾಕ್ಕೆ ಮಾತ್ರ ಸಣ್ಣ ಗ್ಯಾಸಿನ ಒಲೆ. ಚಳಿಗಾಲದ ಒಣಹುಲ್ಲು, ಬೀಸುವ ಗಾಳಿ ಇವೆರಡನ್ನೂ ಕಂಡವರು ಅಲ್ಲಿ ಬೆಂಕಿ ಒಟ್ಟುವ ಆಸೆ ಇಟ್ಟುಕೊಳ್ಳಬಾರದು.

ಟೆಂಟು ಹಾಕುವ ಜಾಗ ಕೋಟೆಯ ಹೊರಗೆ, ಬಾಡಿಗೆಯ ಟೆಂಟಿನವರು ಇರುವ ಕಡೆಯೇ. ಕೋಟೆಯೊಳಗಿನ ದೇವಾಲಯ, ಮಸೀದಿಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ, ಜೊತೆಗೆ ಅಲ್ಲಿ ಇಂದಿಗೂ ಮನೆಮಾಡಿಕೊಂಡಿರುವ ಊರಿನವರಿದ್ದಾರೆ; ಅವರ ಅಂಗಳದಲ್ಲಿ ಹೋಗಿ ನಾವು ಗೂಟ ಹೊಡೆಯುವುದು ಶೋಭಿಸುವುದಿಲ್ಲ. ಮೊದಲ ದಿನದ ಸಂಜೆಯನ್ನು ಕೋಟೆಗೆಂದೇ ಇಟ್ಟಿದ್ದೇವೆ. ಮಾಧವರಾಯ ದೇವಾಲಯದ ಗೋಪುರ ಹಂಪಿ ನೋಡಿದ ಕಣ್ಣಿಗೆ ಪರಿಚಿತವೆನಿಸುತ್ತದೆ. ವಿಜಯನಗರದ ಸಾಮಂತರಾಗಿದ್ದ ಪೆಮ್ಮಸಾನಿ ನಾಯಕರ ಈ ಕೋಟೆಯನ್ನು 17ನೇ ಶತಮಾನದ ನಡುವಿನಲ್ಲಿ ಗೋಲ್ಕೊಂಡದ ಸೇನಾನಿ ಮೀರ್ ಜುಮ್ಲಾ ಗೆದ್ದುಕೊಂಡ; ವಜ್ರವ್ಯಾಪಾರಿ ತವೆರ್ನಿಯೆ 1652ರಲ್ಲಿ ಅವನನ್ನು ಕಾಣಲು ಇಲ್ಲಿಗೇ ಬಂದಿದ್ದ. ಮೂರು ಕಡೆ ಕಡಿದಾದ ಇಳುಕಲು ಇರುವ ಈ ಜಾಗವನ್ನು ಗೆಲ್ಲುವುದು ಎಷ್ಟು ಕಷ್ಟವಿದ್ದೀತು ಎಂಬುದನ್ನು ಕೊಳ್ಳಕ್ಕೆ ಇಳಿಯುವವರು ಮೊಣಕಾಲಿನಿಂದಲೇ ತಿಳಿದುಕೊಳ್ಳುತ್ತಾರೆ.

ಇಳಿಯುವ ಹಾದಿ ಸವೆದ ಕಾಲುದಾರಿಯಲ್ಲ, ಉರುಳಿಬಿದ್ದ ಬಂಡೆಗಳ ಸಾಲು. ಕೈಯೂರಿ, ಕುಳಿತು, ಜಾರಿ ಇಳಿಯಬೇಕು. ಊರಿನ ಒಬ್ಬರನ್ನು ದಾರಿ ತೋರಿಸಲು ಕರೆದುಕೊಳ್ಳುವುದೆಂದು ನಿಶ್ಚಯಿಸಿದ್ದೇವೆ. ಬೆಳಕು ಹರಿದೊಡನೆ ಇಳಿದು, ಹತ್ತು ಗಂಟೆಯ ಒಳಗೆ ಮೇಲೆ ಬಂದಿರಬೇಕು. ಆಮೇಲೆ ಬಂಡೆ ಕಾಯತೊಡಗುತ್ತದೆ, ಹತ್ತುವಾಗ ಹಿಡಿದ ಕಲ್ಲೇ ಕೈ ಸುಡುತ್ತದೆ. ಎಷ್ಟು ಕೆಳಗೆ ಇಳಿಯಬಹುದು ಎಂಬುದನ್ನು ನೀರು ಹೇಳುತ್ತದೆ. ಮೇಲ್ಗಡೆ ಗಂಡಿಕೋಟ ಜಲಾಶಯ, ಕೆಳಗಡೆ ಮೈಲವರಂ ಜಲಾಶಯ. ಇವೆರಡರ ನಡುವೆ ಸಿಕ್ಕ ನದಿಯ ಮಟ್ಟ ಮಳೆಯನ್ನಷ್ಟೇ ಅಲ್ಲ, ಅಣೆಕಟ್ಟಿನ ಬಾಗಿಲುಗಳನ್ನೂ ಅವಲಂಬಿಸಿದೆ. ನಿಂತ ನೀರಿನಂತೆ ಕಂಡರೂ ಇಳಿಯಕೂಡದು. ದಂಡೆಯೇ ಇಲ್ಲದೆ ಗೋಡೆ ನೇರವಾಗಿ ಮುಳುಗಿರುವ ಕಡೆ ಈಜು ಬಂದವನಿಗೂ ಹಿಡಿದು ಮೇಲೇರಲು ಆಸರೆ ಸಿಗುವುದಿಲ್ಲ. ನಂದಿ ಬೆಟ್ಟಗಳ ಸಾಲಿನ ಚನ್ನಕೇಶವ ಬೆಟ್ಟದಲ್ಲಿ ಹುಟ್ಟಿ, ನಮ್ಮಲ್ಲಿ ಉತ್ತರ ಪಿನಾಕಿನಿ ಎನಿಸಿಕೊಂಡು, ಗೌರಿಬಿದನೂರಿನ ಕಡೆ ಮರಳಿನ ಗೆರೆಯಷ್ಟೇ ಆಗಿ ಕಾಣುವ ಹೊಳೆ ಇಷ್ಟು ಆಳದ ಕೊಳ್ಳ ಕೊರೆದಿದೆಯೆಂದರೆ ಮೊದಲ ಸಲ ಯಾರೂ ನಂಬುವುದಿಲ್ಲ.

ನಮ್ಮ ಕಾಕಾ ನಂಬಲಿಲ್ಲ. ನಿವೃತ್ತ ರೈಲ್ವೆ ನೌಕರರಾದ ಅವರಿಗೆ ಆ ಮಾರ್ಗದ ನಿಲ್ದಾಣಗಳೆಲ್ಲ ಬಾಯಿಪಾಠ. “ಪೆನ್ನಾದಾಗ ನೀರ ಎಲ್ಲಿ ಅದಾವೋ ತಮ್ಮಾ, ತಾಡಪತ್ರಿ ಕಡೆ ಬರೇ ಉಸುಕ ನೋಡೇನಿ ನಾ,” ಎಂದರು. ಚಿತ್ರ ತೋರಿಸಿದ ಮೇಲೆ ಸುಮ್ಮನಾದರು. ಮರುದಿನ ಬೆಳಿಗ್ಗೆ ಫೋನು ಮಾಡಿ, “ಇಳಿಯೂದು ನನ್ನ ಕಡಿಂದ ಆಗಂಗಿಲ್ಲ, ಮ್ಯಾಲ ಕುಂತು ಚಾ ಮಾಡಿ ಇಡತೇನಿ,” ಎಂದು ತಾವೇ ಹೇಳಿದರು. ಮೇಲೆ ಒಬ್ಬ ಹಿರಿಯರು ಸಾಮಾನು ಕಾಯುತ್ತ, ಯಾರು ಎಷ್ಟು ಹೊತ್ತಿಗೆ ಇಳಿದರು ಎಂಬುದನ್ನು ಬರೆದಿಟ್ಟುಕೊಂಡು ಕೂತಿರುವುದು ಇಂಥ ಪ್ರವಾಸದಲ್ಲಿ ಬಹು ದೊಡ್ಡ ಅನುಕೂಲ. ಹೇಳಿದ ಹೊತ್ತಿಗೆ ಬರದಿದ್ದರೆ ಊರಿನವರನ್ನು ಕರೆಯುವ ಜವಾಬ್ದಾರಿಯೂ ಅವರದೇ. ಪಾದ ಉಳುಕಿದರೆ ಸುತ್ತಲು ಅಗಲದ ಬ್ಯಾಂಡೇಜು, ಓಆರ್‌ಎಸ್ ಪುಡಿ, ಸೀಟಿ ಇವು ಇಳಿಯುವವರ ಚೀಲದಲ್ಲಿ.

ಅವರು ಬರುವುದರಿಂದ ರೈಲಿನ ವಿಚಾರ ಕೈಬಿಟ್ಟು ಜೀಪು ಗೊತ್ತುಮಾಡಿದ್ದೇವೆ. ಗ್ಯಾಸಿನ ಡಬ್ಬಿಯನ್ನು ರೈಲಿನಲ್ಲಿ ಒಯ್ಯುವಂತಿಲ್ಲ, ನೀರಿನ ಕ್ಯಾನುಗಳನ್ನು ಹೊರುವುದೂ ಆಗದ ಮಾತು. ನಸುಕಿನಲ್ಲಿ ಹುಬ್ಬಳ್ಳಿ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ತಾಡಪತ್ರಿ. ಅಲ್ಲಿ ಪೆನ್ನೆಯ ದಂಡೆಯ ಬುಗ್ಗ ರಾಮಲಿಂಗೇಶ್ವರ ದೇವಾಲಯದ ಗೋಪುರದ ಕೆತ್ತನೆಗೆ ಒಂದು ತಾಸು ಕೊಟ್ಟರೆ ನಷ್ಟವಿಲ್ಲ. ಬರುವಾಗ ಬೇಲಂ ಗುಹೆ. 3,229 ಮೀಟರು ಉದ್ದದ ಆ ಗುಹೆಯಲ್ಲಿ ಸುಮಾರು ಅರ್ಧದಷ್ಟು ಮಾತ್ರ ಪ್ರವಾಸಿಗರಿಗೆ ತೆರೆದಿದೆ. ಒಳಗೆ ತಂಪಿರುತ್ತದೆಂದು ಭಾವಿಸಿ ಸ್ವೆಟರು ಹಾಕಿಕೊಂಡು ಹೋಗುವವರು ಹತ್ತು ನಿಮಿಷದಲ್ಲಿ ಬೆವರಿ ತೊಪ್ಪೆಯಾಗುತ್ತಾರೆ, ಅದಕ್ಕೇ ಬೆಚ್ಚನೆಯ ಬಟ್ಟೆಗಳನ್ನು ಜೀಪಿನಲ್ಲಿಯೇ ಬಿಡುವುದೆಂದು ಪಟ್ಟಿಯ ಕೊನೆಯಲ್ಲಿ ಬರೆದಿದ್ದೇನೆ. ಇನ್ನು ಉಳಿದಿರುವುದು ಹೆಚ್ಚಿನ ಹಗ್ಗವೊಂದೇ. ಅದನ್ನು ಶನಿವಾರ ದುರ್ಗದಬೈಲಿಗೆ ಹೋದಾಗ ತರುತ್ತೇನೆಂದು ಗದಗಿನ ಗೆಳೆಯ ಒಪ್ಪಿಕೊಂಡಿದ್ದಾನೆ.